ಸುಖಾಗಮನ ಬಯಸುವವರು

ಅಕ್ಷರ ದುಂಡಗಿರುವುದು ದೊಡ್ಡ ಗುಣವೆಂದು ಮೇಷ್ಟ್ರುಗಳು ಹೇಳುತ್ತಾರೆ. ಅದು ಗುಣವಲ್ಲ, ಜೀವಾವಧಿ ಬಿಟ್ಟಿ ಚಾಕರಿ. ನಮ್ಮ ಮನೆಯಲ್ಲಿ ಹಿರಿಯರ ಆಸ್ತಿ ಹಂಚಿಕೆಯಾದಾಗ ಅಣ್ಣನಿಗೆ ಅಗ್ರಹಾರದ ಮನೆಯಲ್ಲಿ ಪಾಲು ಬಂತು, ಅಕ್ಕನಿಗೆ ಅಜ್ಜಿಯ ಅಡ್ಡಿಗೆ ಬಂತು, ನನಗೆ ತಾತನ ಕೈಬರಹ ಬಂತು. ಅಂದಿನಿಂದ ನೆಂಟರಿಷ್ಟರಲ್ಲಿ ಯಾರ ಮದುವೆ ಗೊತ್ತಾದರೂ ಛತ್ರಕ್ಕೆ ಮುಂಗಡ ಕೊಡುವ ಮೊದಲು ನನಗೆ ಹೇಳಿಕಳಿಸುತ್ತಿದ್ದರು. ಲಗ್ನಪತ್ರಿಕೆಯ ಕವರುಗಳ ಮೇಲೆ ವಿಳಾಸ ಬರೆಯುವುದು ನನ್ನ ಪಾಲಿನ ಕೆಲಸ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು ಎಂಬುದನ್ನು ಬಿಟ್ಟರೆ ಬೇರೆ ಸಂಬಳ ಇರಲಿಲ್ಲ.

ಆ ಕೆಲಸಕ್ಕೊಂದು ಶಿಸ್ತಿತ್ತು. ನಡುಮನೆಯಲ್ಲಿ ಜಮಖಾನ ಹಾಸಿ ಒಂದು ಪಕ್ಕ ಪತ್ರಿಕೆಗಳ ಕಟ್ಟು, ಇನ್ನೊಂದು ಪಕ್ಕ ಕವರುಗಳ ಕಟ್ಟು. ನಡುವೆ ಅಮ್ಮ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕೂರುತ್ತಿದ್ದಳು. ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ, ತುದಿಗೊಂದು ಬೊಟ್ಟು ಕುಂಕುಮ. ಒಣಗುವ ಮುಂಚೆ ಒಂದರ ಮೇಲೊಂದು ಪೇರಿಸಿದರೆ ಒಂದರ ಹಳದಿ ಇನ್ನೊಂದರಲ್ಲಿ ವರನ ತಂದೆಯ ಹೆಸರಿನ ಮೇಲೆ ಬೀಳುತ್ತಿತ್ತು. ಅದಕ್ಕೆ ಫ್ಯಾನಿನ ಕೆಳಗೆ ಹಳೇ ಪೇಪರು ಹಾಸಿ ಹರಡಬೇಕು. ಫ್ಯಾನು ಜೋರಾದರೆ ಇಡೀ ಮದುವೆ ಎದ್ದು ಹಾರಾಡುತ್ತಿತ್ತು. ಕವರಿನ ಬಾಯನ್ನು ಮಾತ್ರ ಅಂಟಿಸುವಂತಿರಲಿಲ್ಲ. ಬಾಯಿ ತೆರೆದ ಕವರಿನಲ್ಲಿ ಅಚ್ಚಾದ ಕಾಗದವಷ್ಟೇ ಇದ್ದರೆ ಅಂಚೆಯವರು ಅದನ್ನು ಬುಕ್ ಪೋಸ್ಟ್ ಎಂದು ಕಡಿಮೆ ದರಕ್ಕೆ ಸಾಗಿಸುತ್ತಿದ್ದರು. ಒಳಗೆ ಕೈಯಲ್ಲಿ ಸಮಾಚಾರ ಬರೆದರೆ ಅದು ಪತ್ರವಾಗಿ ಪೂರ್ತಿ ಅಂಚೆ ಕೇಳುತ್ತಿತ್ತು. ಹಾಗಾಗಿ ನಮ್ಮವರು ಪ್ರೀತಿಯನ್ನೆಲ್ಲ ಅಚ್ಚಿನಲ್ಲೇ ತೋರಿಸಿ ಮುಗಿಸಬೇಕಿತ್ತು. ನಮ್ಮ ದೊಡ್ಡತ್ತೆಯೊಬ್ಬಳು ಮಾತ್ರ ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಹಿಂದಿನ ದಿನವೇ ಬಾ, ಬರುವಾಗ ನನ್ನ ಹಪ್ಪಳದ ಡಬ್ಬ ವಾಪಸು ತಾ’ ಎಂದು ಬರೆದು ಭಾರತ ಸರ್ಕಾರಕ್ಕೆ ಚಳ್ಳೆಹಣ್ಣು ತಿನ್ನಿಸುತ್ತಿದ್ದಳು.

ಇಂಥ ಸೇವಾಜ್ಯೇಷ್ಠತೆಯಿದ್ದ ನನಗೆ, 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಮದುವೆಯ ಕುರಿತು ಅಕ್ಕನ ಮಗಳು ಫೋನು ಮಾಡಿ, “ಮಾಮ, ಈ ಸಲ ನೀನು ಕವರ್ ಬರೆಯೋದು ಬೇಡ. ಕವರೇ ಇರಲ್ಲ” ಎಂದಳು. ಪತ್ರಿಕೆ ಅಂಗಡಿಯಿಂದ ಬರುವುದಿಲ್ಲವಂತೆ. ಅವಳೇ ಕೂತು ಕಸ್ಟಮ್ ಮಾಡಿಸುತ್ತಾಳಂತೆ. ತೋರಣ, ಆರತಿತಟ್ಟೆ, ತಾಂಬೂಲದ ಚೀಲ, ಊಟದ ಮನೆಯ ಬೋರ್ಡು ಎಲ್ಲವೂ ಕೈಯಲ್ಲೇ ಮಾಡಿದ್ದು, ಎಲ್ಲವೂ ಒಂದೇ ಥೀಮಿನದು. ನಮ್ಮ ಕಾಲದಲ್ಲಿ ಮದುವೆಯ ಥೀಮು ಮದುವೆಯೇ ಆಗಿತ್ತು. ಇವಳದು ಯಾವುದಮ್ಮ ಎಂದು ಕೇಳಿದೆ. “ಹಳೇ ಮೈಸೂರು” ಎಂದಳು. ಹಳೇ ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಹಳಬನಾಗಿ ಕೂತವನಿಗೆ ಅದು ದುಡ್ಡು ಕೊಟ್ಟು ಮಾಡಿಸುವ ಅಲಂಕಾರವಾದೀತು ಎಂಬ ಕಲ್ಪನೆ ಇರಲಿಲ್ಲ.

ಮೊದಲ ಮಾದರಿ ಬಂತು. ಹಾಲುಬಿಳುಪಿನ ಒರಟು ಕಾಗದ, ಅದರ ಮೇಲೆ ಬೂದುಬಣ್ಣದ ಸಣ್ಣ ಅಕ್ಷರ, ಸುತ್ತಲೂ ಬೇಕಾದಷ್ಟು ಖಾಲಿ ಜಾಗ. ಗಣಪತಿಯಿಲ್ಲ, ಅರಿಶಿನವಿಲ್ಲ. ಎಂಬತ್ತು ದಾಟಿದ ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಮೆಲ್ಲಗೆ, “ಯಾರು ಹೋದ್ರೇ?” ಎಂದಳು.

ತಪ್ಪು ಅಮ್ಮನದಲ್ಲ. ನಮ್ಮ ಕಡೆಯ ಮನೆಗಳಿಗೆ ಅರಿಶಿನವಿಲ್ಲದೆ, ಕಪ್ಪು ಅಕ್ಷರದಲ್ಲಿ ಬರುವ ಕಾಗದ ಒಂದೇ ಬಗೆಯದು. ಅದು ವೈಕುಂಠ ಸಮಾರಾಧನೆಯದು. “ಅಜ್ಜಿ, ಇದು ಮಿನಿಮಲ್” ಎಂದು ಹುಡುಗಿ ವಿವರಿಸಹೋದಳು. “ಅದೇ ಕಣೇ, ಅವರಿಗೂ ಜಾಸ್ತಿ ಏನೂ ಹಾಕಿಸಲ್ಲ” ಎಂದಳು ಅಮ್ಮ. ಆ ಮಾದರಿ ಅಲ್ಲಿಗೆ ತೀರಿಕೊಂಡಿತು.

ಹಿಂದೆ ಪತ್ರಿಕೆ ಮಾಡಿಸುವುದು ಒಂದು ಬೆಳಗಿನ ಕೆಲಸ. ಶಿವರಾಂಪೇಟೆಯ ಆಸುಪಾಸಿನಲ್ಲೋ ಅಶೋಕ ರಸ್ತೆಯ ಒಳಗಲ್ಲಿಗಳಲ್ಲೋ ಒಂದು ಅಚ್ಚುಕೂಟ. ಹೊರಗೆ ಬೆಂಚು, ಬೆಂಚಿನ ಮೇಲೆ ತೂಕದ ಆಲ್ಬಮ್ಮು. ಆಲ್ಬಮ್ಮಿನಲ್ಲಿ ಶಿವಕಾಶಿಯಿಂದ ಬಂದ ಖಾಲಿ ಪತ್ರಿಕೆಗಳು. ವರ ವಧುವಿನ ಕೈಹಿಡಿದದ್ದು, ನಾದಸ್ವರದವರು, ಕಳಸ, ಚಿನ್ನದ ಅಂಚು. ಅಪ್ಪ ದರ ನೋಡುತ್ತಿದ್ದರು, ಅಮ್ಮ ಗಣಪತಿ ನೋಡುತ್ತಿದ್ದಳು, ಮದುವೆಯಾಗುವವರನ್ನು ಯಾರೂ ಕರೆದುಕೊಂಡೇ ಹೋಗುತ್ತಿರಲಿಲ್ಲ. ಒಳಗೆ ಟ್ರೆಡಲ್ ಯಂತ್ರ ಪೆಡಲು ತುಳಿದಂತೆಲ್ಲ ಬಾಯಿ ತೆರೆದು ಮುಚ್ಚುತ್ತಿತ್ತು. ಕಂಪೋಸಿಟರು ಎದುರಿನ ಕೇಸುಗಳ ನೂರಾರು ಖಾನೆಗಳಿಂದ ಕೋಳಿ ಕಾಳು ಹೆಕ್ಕುವ ವೇಗದಲ್ಲಿ ಮೊಳೆ ಹೆಕ್ಕಿ ಸ್ಟಿಕ್ಕಿಗೆ ಜೋಡಿಸುತ್ತಿದ್ದ. ಕಾಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮೊಳೆ. ಅದನ್ನೂ ತಲೆಕೆಳಗಾಗಿ, ಕನ್ನಡಿಯೊಳಗಿನ ಕನ್ನಡವನ್ನು ಓದಿದಷ್ಟು ಸಲೀಸಾಗಿ ಓದುತ್ತಿದ್ದ. ಮದುವೆಯ ಕಾಲದಲ್ಲಿ ‘ಸೌ’ ಎಂಬ ಮೊಳೆಗೆ ಬಂದ ಗಿರಾಕಿ ಬೇರೆ ಯಾವುದಕ್ಕೂ ಇಲ್ಲ. ಅದು ತೀರಿಹೋದರೆ ಹಿಂದಿನ ಮದುವೆ ಅಚ್ಚಾಗಿ ಮುಗಿದು, ಮೊಳೆ ಬಿಚ್ಚುವವರೆಗೆ ಮುಂದಿನ ವಧುವಿಗೆ ಸೌಭಾಗ್ಯವಿಲ್ಲ. 1970ರಲ್ಲಿ ನಮ್ಮ ಊರಿನಲ್ಲಿ ಶುರುವಾದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ಕೂಡ ಹೀಗೇ ಕೈಯಿಂದ ಮೊಳೆ ಜೋಡಿಸಿ ಅಚ್ಚಾಗುತ್ತಿತ್ತು. ಒಂದು ಮದುವೆಗೇ ‘ಮಹೋತ್ಸವ’, ‘ಶಾಲಿವಾಹನ’, ‘ಶ್ರೀಮನ್ನೃಪ’ ಎಂದು ಒದ್ದಾಡುವುದನ್ನು ಕಂಡವರಿಗೆ ಅದನ್ನು ದಿನಾ ಮಾಡುವವರ ಮೇಲೆ ಗೌರವ ತಾನಾಗಿ ಹುಟ್ಟುತ್ತದೆ.

ಒಕ್ಕಣೆಯಲ್ಲಿ ಯಾರೂ ಕೈಯಾಡಿಸುತ್ತಿರಲಿಲ್ಲ. ಸ್ವಸ್ತಿ ಶ್ರೀಯಿಂದ ಹಿಡಿದು ಸಕುಟುಂಬ ಸಪರಿವಾರ ಸಮೇತರಾಗಿ ಬಂದು ಆಶೀರ್ವದಿಸಬೇಕೆಂಬಲ್ಲಿವರೆಗೆ ಅದು ಎಲ್ಲರಿಗೂ ಒಂದೇ. ಒಂಟಿಕೊಪ್ಪಲು ಪಂಚಾಂಗ ನೋಡಿ ಪುರೋಹಿತರು ಒಂದು ಚೀಟಿಯಲ್ಲಿ ತಿಥಿ, ವಾರ, ನಕ್ಷತ್ರ, ಲಗ್ನ ಬರೆದುಕೊಟ್ಟರೆ ಅಷ್ಟನ್ನು ಅದರೊಳಗೆ ತೂರಿಸಿದರಾಯಿತು. ಅಕ್ಕನ ಮಗಳು ಇದನ್ನೂ ಪರಿಷ್ಕರಿಸಲು ಕೂತಳು. ಶಾಲಿವಾಹನ ಶಕ 1946ನೇ ಕ್ರೋಧಿನಾಮ ಸಂವತ್ಸರ ಎಂಬಲ್ಲಿಗೆ ಬಂದು, “ಕ್ರೋಧಿ ಅಂತ ಹಾಕಲೇಬೇಕಾ? ಚೆನ್ನಾಗಿ ಕೇಳಿಸಲ್ಲ” ಎಂದಳು. ಸಂವತ್ಸರವನ್ನು ಕಸ್ಟಮ್ ಮಾಡಲು ಬರುವುದಿಲ್ಲವೆಂದು ಪುರೋಹಿತರು ಖಡಾಖಂಡಿತವಾಗಿ ಹೇಳಿದರು. ಮುಂದೆ ನಡೆದದ್ದನ್ನು ನೋಡಿದರೆ ಸಂವತ್ಸರ ತನ್ನ ಹೆಸರಿಗೆ ತಕ್ಕಹಾಗೇ ನಡೆದುಕೊಂಡಿತು.

ಏಕೆಂದರೆ, ಈ ಕಾಗದ, ಬಣ್ಣ, ಅಂಚು ಎಲ್ಲ ಮೇಲಿನ ಮಾತು. ಲಗ್ನಪತ್ರಿಕೆಯ ನಿಜವಾದ ವಿನ್ಯಾಸವಿರುವುದು ಹೆಸರುಗಳಲ್ಲಿ. ಯಾರ ಹೆಸರು, ಯಾರ ಮೇಲೆ, ಯಾರ ಪಕ್ಕ, ಎಷ್ಟು ದಪ್ಪ.

ಅಟ್ಟದ ಟ್ರಂಕಿನಲ್ಲಿ ಅಮ್ಮ ಕೂಡಿಟ್ಟ ಹಳೇ ಪತ್ರಿಕೆಗಳಿವೆ. ಥೀಮಿಗೆ ಬೇಕೆಂದು ಹುಡುಗಿ ಅದನ್ನು ಇಳಿಸಿದಾಗ ನಾನೂ ಪಕ್ಕದಲ್ಲಿ ಕೂತೆ. ನನ್ನ ಹೆಸರು ಮೊದಲ ಸಲ ಅಚ್ಚಾದದ್ದು ಚಿಕ್ಕಪ್ಪನ ಮದುವೆಯಲ್ಲಿ. ತೀರಾ ತಳದಲ್ಲಿ, ‘ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ’ ಎಂಬ ಸಾಲಿನ ಕೆಳಗೆ, ಮನೆಯಲ್ಲಿ ಕರೆಯುವ, ಇಲ್ಲಿ ಹೇಳಲಾಗದ ಹೆಸರಿನಲ್ಲಿ. ಕೆಲವು ಮದುವೆಗಳಾದ ಮೇಲೆ ಅದು ಒಂದಿಷ್ಟು ಮೇಲೇರಿ, ಶಾಲೆಯ ಹೆಸರು ಧರಿಸಿ, ಸುಖಾಗಮನ ಬಯಸುವವರ ಸಾಲಿಗೆ ಸೇರಿದೆ. ಆಮೇಲೆ ಒಂದೇ ಒಂದು ಪತ್ರಿಕೆಯಲ್ಲಿ ನಟ್ಟನಡುವೆ, ದಪ್ಪಕ್ಷರದಲ್ಲಿ, ಚಿ|| ರಾ|| ಹೊತ್ತುಕೊಂಡು ನಿಂತಿದೆ. ಅಷ್ಟು ದಪ್ಪಗೆ ಇನ್ನೆಂದೂ ಆಗಲಿಲ್ಲ. ಅಲ್ಲಿಂದ ಮುಂದೆ ‘ಶ್ರೀಮತಿ ಮತ್ತು ಶ್ರೀ’ ಎಂದು ಜೋಡಿಯಾಗಿ ಬದಿಗೆ ಸರಿದು, ಮಗನ ಮದುವೆಯಲ್ಲಿ ಎಲ್ಲರಿಗಿಂತ ಮೇಲಕ್ಕೆ ಹೋಗಿ ಕೂತಿದೆ. ಪತ್ರಿಕೆಯ ಮೇಲೆ ಮನುಷ್ಯ ಹತ್ತುವುದು ಹೀಗೆ, ತಳದಿಂದ ತುದಿಗೆ. ತುದಿಗೆ ಹೋದಮೇಲೆ ಉಳಿಯುವುದು ಒಂದೇ ಬದಲಾವಣೆ. ಹೆಸರು ಅಲ್ಲೇ ಇರುತ್ತದೆ, ಅದರ ಮುಂದೆ ‘ದಿ||’ ಬರುತ್ತದೆ.

ಅಪ್ಪನ ಹೆಸರಿಗೆ ಅದು ಸೇರಿದ್ದು ತಂಗಿಯ ಮದುವೆಯಲ್ಲಿ. ಪ್ರೂಫ್ ನೋಡಿದವನು ನಾನೇ. ಅಣ್ಣನ, ಅಕ್ಕನ ಪತ್ರಿಕೆಗಳನ್ನೂ ಜೋಡಿಸಿದ್ದ ಕಂಪೋಸಿಟರು ರೂಢಿಯಂತೆ ‘ಶ್ರೀ’ ಎಂದೇ ಜೋಡಿಸಿದ್ದ. ನಾನು ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಅಂಚಿನಲ್ಲಿ ‘ದಿ||’ ಎಂದು ಬರೆಯಬೇಕಿತ್ತು. ಕಚೇರಿಯಲ್ಲಿ ಬೇಕಾದಷ್ಟು ಕಡತ ತಿದ್ದಿದ್ದೇನೆ, ಅಷ್ಟು ಚಿಕ್ಕ ತಿದ್ದುಪಡಿಗೆ ಅಷ್ಟು ಹೊತ್ತು ಯಾವತ್ತೂ ಹಿಡಿದಿಲ್ಲ. ಅಂಗಡಿಯವನು ಕಾಫಿ ತರಿಸಿಕೊಟ್ಟ. ಅದುವರೆಗೆ ಆ ಅಂಗಡಿಯಲ್ಲಿ ನಮಗೆ ಕಾಫಿ ಸಿಕ್ಕಿರಲಿಲ್ಲ.

ಇರಲಿ. ಈ ಮದುವೆಯ ಜಗಳಕ್ಕೆ ಬರುತ್ತೇನೆ. ನಮ್ಮ ಭಾವನ ಕಡೆ ಇಬ್ಬರು ಹಿರಿಯರಿದ್ದಾರೆ. ಒಂಟಿಕೊಪ್ಪಲಿನವರು ಭಾವನಿಗೆ ಚಿಕ್ಕಪ್ಪ, ನರಸೀಪುರದವರು ಸ್ವಂತ ಅಣ್ಣ. ಒಟ್ಟು ಕುಟುಂಬದಲ್ಲಿ ಅತ್ತೆ ಸೊಸೆ ಒಟ್ಟಿಗೆ ಬಾಣಂತಿಯರಾಗುತ್ತಿದ್ದ ಕಾಲದ ಫಲವಾಗಿ, ಅಣ್ಣನೇ ಚಿಕ್ಕಪ್ಪನಿಗಿಂತ ಎರಡು ತಿಂಗಳು ದೊಡ್ಡವರು. ಸಂಬಂಧದಲ್ಲಿ ಚಿಕ್ಕಪ್ಪ ಮೇಲು, ವಯಸ್ಸಿನಲ್ಲಿ ಅಣ್ಣ ಮೇಲು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ವರ್ಷ ನಿವೃತ್ತರಾಗಿ, ಈ ಎರಡು ತಿಂಗಳ ವ್ಯಾಜ್ಯಕ್ಕೆ ಎಲ್ಲ ಮದುವೆಗಳಲ್ಲೂ ಮೇಲ್ಮನವಿ ಹಾಕುತ್ತ ಬಂದಿದ್ದಾರೆ. ಹಿಂದೊಮ್ಮೆ ನರಸೀಪುರದವರ ಹೆಸರು ಎರಡನೆಯದಾಗಿ ಬಂದದ್ದಕ್ಕೆ ಅವರು ಮದುವೆಗೆ ಬಂದು, ಅಕ್ಷತೆ ಹಾಕಿ, ಊಟ ಮಾತ್ರ ಮಾಡದೆ ಎದುರಿನ ಹೋಟೆಲಿನಲ್ಲಿ ದೋಸೆ ತಿಂದು ಹೋಗಿದ್ದರು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಬಳಿಯ ಮೇಜಿನಲ್ಲೇ ಕೂತು ತಿಂದಿದ್ದರು. ಭಾವ ಈ ಸಲ ತಲೆಮೇಲೆ ಕೈಹೊತ್ತು, “ಇದಕ್ಕಿಂತ ಕುವೆಂಪು ಹೇಳಿದ್ದೇ ವಾಸಿ, ಮಂತ್ರಮಾಂಗಲ್ಯ ಮಾಡಿಬಿಡೋಣ” ಎಂದರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಕವಿಗಳು ಹಾಗೆ ಸರಳವಾಗಿ ನಡೆಸಿದರು ನಿಜ. ಅವರ ಉದಯರವಿ ಇರುವುದೂ ಒಂಟಿಕೊಪ್ಪಲಿನ ಕಡೆಯೇ. ಆದರೆ ಉದಯರವಿಯ ಬೆಳಕು ಭಾವನ ಚಿಕ್ಕಪ್ಪನ ಮನೆಯ ತನಕ ಬಿದ್ದಂತೆ ಕಾಣಲಿಲ್ಲ.

ಹುಡುಗಿ ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಥೀಮಿನ ಬೆನ್ನು ಹತ್ತಿದ್ದಳು. ಕಾವಾ ಎಂಬ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಓದಿದ ಒಬ್ಬ ಹುಡುಗನನ್ನು ಹಿಡಿದಳು. ಅವನು ಗಂಜೀಫಾ ಮಾಡೋಣ ಎಂದ. ಇದು ನನಗೂ ಹಿಡಿಸಿತು. ಎಲೆಯಾಟದ ಎಲೆಗೆ ಚಿತ್ರ ಬರೆಯುವ ಈ ಕಲೆಗೆ ಮೈಸೂರಿನ ನಂಟು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಆಟಗಳನ್ನು ಕಟ್ಟಿದವರು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ಮರೆತೇಹೋಗುತ್ತಿದ್ದ ಕಲೆಯನ್ನು ನಮ್ಮ ಕಾಲದಲ್ಲಿ ಎತ್ತಿ ನಿಲ್ಲಿಸಿದವರು ಗಂಜೀಫಾ ರಘುಪತಿ ಭಟ್ಟರು. ದಶಾವತಾರದ ಆಟವಾದರೆ ಅವತಾರಕ್ಕೆ 12ರಂತೆ 120 ಎಲೆ. ಒಂದೊಂದು ಬಣದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದದ್ದು ಒಂದರಿಂದ ಹತ್ತು. ಅಂಗೈಯಗಲದ ದುಂಡನೆಯ ಪತ್ರಿಕೆ, ಒಂದರಲ್ಲಿ ರಾಜ, ಇನ್ನೊಂದರಲ್ಲಿ ಮಂತ್ರಿ ಎಂದು ನಿಶ್ಚಯವಾಯಿತು. “ರಾಜ ಯಾರು?” ಎಂದು ಕೇಳಿದೆ. “ನಾನು. ಅವನು ಮಂತ್ರಿ” ಎಂದಳು. ಭಾವ ಅಕ್ಕನ ಕಡೆ ನೋಡಿ, ಈ ಪದ್ಧತಿ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆ ಎಂದರು.

ದುಂಡು ಪತ್ರಿಕೆಯ ತೊಂದರೆ ಆಮೇಲೆ ತಿಳಿಯಿತು. ಮೇಲೂ ಕೆಳಗೂ ಜಾಗ ಕಿರಿದು. ನಮ್ಮ ಹಿರಿಯರು ಇರುವುದೇ ಆ ಎರಡು ತುದಿಗಳಲ್ಲಿ. ಹೀಗಾಗಿ ಒಂದು ಪತ್ರಿಕೆ ನಾಲ್ಕಾಯಿತು, ನಾಲ್ಕು ಎಂಟಾಯಿತು. ಚಪ್ಪರಕ್ಕೊಂದು, ವರಪೂಜೆಗೊಂದು, ಧಾರೆಗೊಂದು, ಆರತಕ್ಷತೆಗೊಂದು, ಬೀಗರ ಔತಣಕ್ಕೊಂದು. ಅಷ್ಟನ್ನು ಇಡಲು ಒಂದು ಡಬ್ಬ. ಒಳಗೆ ಸದ್ದಾಗದಿರಲೆಂದು ಮೆತ್ತೆ. ಇನ್ನು ಬುಕ್ ಪೋಸ್ಟಿನ ಮಾತೆಲ್ಲಿ?

ಒಕ್ಕಣೆ ಕಂಪ್ಯೂಟರಿಗೆ ಹೋಯಿತು. ಹೋಗಿ ‘ಪುತ್‌ರಿ’ಯಾಗಿ ಬಂತು. ‘ಕಲ್‌ಯಾಣ’ವಾಗಿ ಬಂತು. ‘ಆಶೀರ್‌ವದಿಸಿ’ ಎಂದು ಉಸಿರು ಸಿಕ್ಕಿಕೊಂಡು ಬಂತು. ಚಿತ್ರ ಮಾಡುವ ತಂತ್ರಾಂಶದಲ್ಲಿ ನಮ್ಮ ಭಾಷೆಗಳ ಸೆಟ್ಟಿಂಗನ್ನು ಹುಡುಕಿ ಹಾಕದಿದ್ದರೆ ಒತ್ತಕ್ಷರ ಕೆಳಗಿಳಿಯುವುದಿಲ್ಲವಂತೆ, ಪಕ್ಕದಲ್ಲೇ ಮುಖ ಉಬ್ಬಿಸಿ ನಿಲ್ಲುತ್ತದಂತೆ. ಸರಿ, ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಸಿ ಕಳಿಸಿದೆವು. ನುಡಿಯ ಹಳೇ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಖಾನೆಯಲ್ಲಿ ಕೂತಿರುವಂಥವು. ಆ ಹುಡುಗನ ಯಂತ್ರದಲ್ಲಿ ಅದಿಲ್ಲದ ಕಾರಣ ಇಡೀ ವಂಶಾವಳಿ ಚಿಹ್ನೆಗಳಾಗಿ ತೆರೆದುಕೊಂಡಿತು. ಅಮ್ಮ ನೋಡಿ ಜಾತಕ ಯಾಕೆ ಅಚ್ಚು ಹಾಕಿಸಿದ್ದು ಎಂದಳು. ಕಡೆಗೆ ಹುಡುಗಿ ಸೋತು, “ಮಾಮ, ನೀನೇ ಕೈಯಲ್ಲಿ ಬರೆದುಕೊಡು, ಸ್ಕ್ಯಾನ್ ಮಾಡ್ತೀವಿ” ಎಂದಳು. ಮೊದಲ ಸಲ ನನ್ನ ಅಕ್ಷರ ಕವರಿನಿಂದ ಒಳಕ್ಕೆ ಬಡ್ತಿ ಪಡೆಯಿತು. ಒತ್ತುಗಳನ್ನು ಆದಷ್ಟು ಕೆಳಕ್ಕೆ ಬರೆದೆ, ಕೋಪಕ್ಕೆ.

ಹೆಸರುಗಳ ಜಗಳ ಬಗೆಹರಿದದ್ದು ಈ ಹಂತದಲ್ಲೇ, ಬಗೆಹರಿಸಿದವಳೂ ಅವಳೇ. ಡಿಜಿಟಲ್ ಅಚ್ಚಿನಲ್ಲಿ ಬ್ಲಾಕಿಲ್ಲ, ಪ್ಲೇಟಿಲ್ಲ, ಒಂದು ಪ್ರತಿ ಇದ್ದಂತೆ ಇನ್ನೊಂದು ಇರಬೇಕೆಂದಿಲ್ಲ. ನರಸೀಪುರಕ್ಕೆ ಹೋಗುವ ಡಬ್ಬಗಳಲ್ಲಿ ನರಸೀಪುರದವರು ಮೊದಲು, ಒಂಟಿಕೊಪ್ಪಲಿಗೆ ಹೋಗುವುದರಲ್ಲಿ ಒಂಟಿಕೊಪ್ಪಲಿನವರು ಮೊದಲು. “ಇದೇ ಕಸ್ಟಮ್” ಎಂದಳು. ಮೂರು ತಲೆಮಾರು ಬಿಡಿಸಲಾಗದ ಗಂಟನ್ನು ಹುಡುಗಿ ಎರಡು ಫೈಲುಗಳಲ್ಲಿ ಬಿಚ್ಚಿದಳು. ಭಾವನ ಮುಖ ಅರಳಿತು. ನನಗೇನೋ ಅಳುಕು. ಸುಳ್ಳು ಹೇಳುವುದೇನೋ ಸರಿ, ಇದು ಅಚ್ಚು ಹಾಕಿಸಿ ಹಂಚುವ ಸುಳ್ಳು.

ಡಬ್ಬದ ಬಾಯಿಗೆ ಅರಗಿನ ಮುದ್ರೆ ಬೇಕೆಂದಾಯಿತು. ಪುಟ್ಟ ಚಮಚ, ಹಿತ್ತಾಳೆಯ ಗಂಡಭೇರುಂಡದ ಠಸ್ಸೆ, ಬಣ್ಣಬಣ್ಣದ ಅರಗಿನ ಗುಳಿಗೆ ಎಲ್ಲ ಆನ್‌ಲೈನಿನಲ್ಲಿ ಎಲ್ಲಿಂದಲೋ ಬಂತು. ಅಲ್ಲಮ್ಮ, ಅರಗಿನ ಕಾರ್ಖಾನೆ ನಮ್ಮ ಬನ್ನಿಮಂಟಪದ ಹತ್ತಿರವೇ ಇದೆಯಲ್ಲ ಎಂದೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೆಂದು ಸ್ಥಾಪಿಸಿದ್ದು, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿನದೇ. ಪೂರ್ತಿ ಮೈಸೂರಿನ ಥೀಮೇ ಬೇಕಾದರೆ ಮುಯ್ಯಿ ಕೊಟ್ಟವರ ಬೆರಳಿಗೆ ಆ ಶಾಯಿ ಹಚ್ಚಿ, ಒಬ್ಬರು ಎರಡು ಸಲ ತಾಂಬೂಲದ ಚೀಲ ಒಯ್ಯದಂತೆ ತಡೆಯಬಹುದೆಂದು ನಾನು ಸೂಚಿಸಿದೆ. ಅಕ್ಕನಿಗೆ ಅದು ತಮಾಷೆಯಾಗಿ ಕಾಣಲಿಲ್ಲ, ಒಳ್ಳೆಯ ಉಪಾಯವಾಗಿ ಕಂಡಿತು.

ಮುದ್ರೆ ಒತ್ತುವ ರಾತ್ರಿ ಊಟದ ಮೇಜಿನ ತುಂಬ ಮೋಂಬತ್ತಿ. ಕಾಗದ, ಹತ್ತಿ, ಸೆಣಬಿನ ದಾರ, ಬೆಂಕಿ ಎಲ್ಲ ಒಂದೇ ಕಡೆ. ಮೈಸೂರಿನಲ್ಲಿ ಮದುವೆಮನೆ ಮತ್ತು ಬೆಂಕಿ ಹಗುರವಾಗಿ ಆಡುವ ಮಾತಲ್ಲ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ ಮರದ ಹಳೇ ಅರಮನೆ ಸುಟ್ಟುಹೋದದ್ದು. ಅದರ ಜಾಗದಲ್ಲಿ ಎದ್ದ, 1912ರಲ್ಲಿ ಮುಗಿದ ಈಗಿನ ಅರಮನೆಯ ಕಲ್ಯಾಣಮಂಟಪಕ್ಕೆ ಗ್ಲಾಸ್ಗೋದಿಂದ ಎರಕದ ಕಂಬ, ನವಿಲಿನ ಚಿತ್ತಾರದ ಬಣ್ಣದ ಗಾಜು ತರಿಸಿ ಹಾಕಿದರು. ಒಮ್ಮೆ ಸುಟ್ಟವರ ಎಚ್ಚರಿಕೆ ಅದು. ನಮ್ಮ ಮನೆಯಲ್ಲಿ ಸುಟ್ಟದ್ದು ಭಾವನ ಪಂಚೆಯ ಅಂಚು ಮಾತ್ರ. ಅದರ ಮೇಲೂ ಗಂಡಭೇರುಂಡ ಒತ್ತಿ ಸರಿಮಾಡಿದೆವು.

ಕೈಯಲ್ಲೇ ಮಾಡಿದ್ದು ಎಂದು ಈಗ ಹೇಳಿಕೊಳ್ಳುತ್ತಾರೆ. ಆಗ ಯಾರೂ ಹೇಳುತ್ತಿರಲಿಲ್ಲ. ಇನ್ನು ಯಾವುದರಲ್ಲಿ ಮಾಡುವುದು? ಮದುವೆಗೆ ವಾರವಿರುವಾಗ ಅತ್ತೆಯಂದಿರು, ಚಿಕ್ಕಮ್ಮಂದಿರು ಹಿತ್ತಲ ಜಗಲಿಯಲ್ಲಿ ಸೇರುತ್ತಿದ್ದರು. ಒಬ್ಬಳು ಅಂತರಪಟಕ್ಕೆ ಸ್ವಸ್ತಿಕ ಕಸೂತಿ ಹಾಕುತ್ತಿದ್ದಳು. ಒಬ್ಬಳು ಸಕ್ಕರೆ ಪಾಕವನ್ನು ಅಚ್ಚಿಗೆ ಹೊಯ್ದು, ಅದು ಬಿಡುವಾಗ ಗಿಣಿಯ ಕೊಕ್ಕು ಮುರಿದರೆ ಮಕ್ಕಳಿಗೆ ಕೊಡುತ್ತಿದ್ದಳು. ನಮ್ಮ ಮಟ್ಟಿಗೆ ಎಲ್ಲ ಗಿಣಿಗಳ ಕೊಕ್ಕೂ ಮುರಿಯಲಿ ಎಂಬುದೇ ಪ್ರಾರ್ಥನೆ. ದೇವರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ತಂದ ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಜಡೆಗೆ ಹೊಲಿಯಬೇಕಿತ್ತಾದ್ದರಿಂದ ಅಲ್ಲಿ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. ಅಮ್ಮನದು ಕೊಬ್ಬರಿ. ಗಿಟುಕಿನ ಕಂದು ಸಿಪ್ಪೆಯನ್ನು ಬ್ಲೇಡಿನಿಂದ ಅಲ್ಲಲ್ಲಿ ಹೆರೆದು ಒಳಗಿನ ಬಿಳುಪಿನಲ್ಲಿ ಬಳ್ಳಿ, ಹೂ, ನವಿಲು ಮೂಡಿಸುತ್ತಿದ್ದಳು. ಅದಕ್ಕೆ ನಕ್ಷೆಯಿಲ್ಲ, ಪೆನ್ಸಿಲಿಲ್ಲ, ಹೆರೆಯುತ್ತಲೇ ಸಾರಿಗೆ ಉಪ್ಪು ಹಾಕಿದ್ದೀಯೇನೇ ಎಂದು ಒಳಗೆ ಕೂಗಿ ಕೇಳುತ್ತಿದ್ದಳು.

ಈ ಸಲವೂ ಹೆರೆದಳು. ಕೈ ನಡುಗಿ ಬಳ್ಳಿ ಅಲ್ಲಲ್ಲಿ ತುಂಡಾಗಿತ್ತು. ಮೊಮ್ಮಗಳು ಅದನ್ನೇ ಫೋಟೊ ಹಿಡಿದು, ಆ ಕಂದು ಬಿಳುಪಿನ ಬಳ್ಳಿಯನ್ನೇ ಡಬ್ಬದ ಸುತ್ತ ಅಂಚಾಗಿ ಹಾಕಿಸಿದಳು. ಇದನ್ನು ಕಲಿಯಲು ಬೆಂಗಳೂರಿನಲ್ಲಿ ಜನ ಫೀಸು ಕೊಟ್ಟು ಬರುತ್ತಾರೆ ಅಜ್ಜಿ ಎಂದಳು. “ದುಡ್ಡು ಕೊಟ್ಟಾ? ನಮಗೆ ಅತ್ತೆ ಬೈದು ಕಲಿಸಿದ್ರು, ಪುಕ್ಕಟೆ” ಎಂದಳು ಅಮ್ಮ. ಪತ್ರಿಕೆಯ ಅಂಚಿಗೆ ಹುಡುಗಿ ಅರಿಶಿನದ ಬಣ್ಣವನ್ನು ಅಚ್ಚಿನಲ್ಲೇ ಹಾಕಿಸಿದ್ದಳು. ಅಚ್ಚಿನ ಅರಿಶಿನವನ್ನು ಅಮ್ಮ ಒಪ್ಪಲಿಲ್ಲ. ಯಾರೂ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ದುಂಡು ಎಲೆಗೆ ಮೂಲೆ ಎಲ್ಲಿಂದ ಬರಬೇಕೆಂದು ಸ್ವಲ್ಪ ಯೋಚಿಸಿ, ಸುತ್ತಲೂ ನಾಲ್ಕು ಕಡೆ ನಿಜವಾದ ಅರಿಶಿನ ಬಳಿದಿಟ್ಟಳು. ಒರಟು ಕಾಗದ ಅದನ್ನು ಹೀರಿ, ಹಳದಿ ಹಬ್ಬಿ, ರಾಜನ ಕಿರೀಟದವರೆಗೆ ಹೋಯಿತು. ಹುಡುಗಿ ನೋಡಿ ದಂಗಾದಳು. ಅವಳ ಗೆಳತಿಯರು ನೋಡಿ, ಆ ಜಲವರ್ಣದ ಅಂಚನ್ನು ಯಾರ ಹತ್ತಿರ ಮಾಡಿಸಿದೆ ಎಂದು ವಿಚಾರಿಸಿದರು.

ಮೊದಲ ಡಬ್ಬ ದೇವರ ಮುಂದೆ, ಎರಡನೆಯದು ಬೆಟ್ಟದ ತಾಯಿಗೆ, ಮೂರನೆಯದು ನಂಜನಗೂಡಿಗೆ. ಆಮೇಲೆ ಊರೊಳಗಿನದು ನನ್ನ ಸ್ಕೂಟರಿನಲ್ಲಿ. ಡಬ್ಬ ಎಷ್ಟು ಚೆಂದವಾಗಿತ್ತೆಂದರೆ ಸರಸ್ವತಿಪುರಂನಲ್ಲಿ ಒಬ್ಬರು ಅದನ್ನು ಸಿಹಿಯೆಂದು ತಿಳಿದು ಫ್ರಿಜ್ಜಿನಲ್ಲಿಟ್ಟರು. ಚಾಮುಂಡಿಪುರಂನಲ್ಲಿ ಒಬ್ಬರು ನನ್ನೆದುರೇ ಎಲೆಗಳನ್ನು ಹೊರಗೆ ಸುರಿದು, ಏಲಕ್ಕಿ ಲವಂಗಕ್ಕೆ ಸರಿಯಾಯಿತು ಎಂದು ಒಳಗೊಯ್ದರು. ಅಂಚೆಚೀಟಿಯಲ್ಲಿ ವಧೂವರರ ಮುಖವೇ ಇರಲೆಂಬ ಇನ್ನೊಂದು ಯೋಜನೆಯೂ ಇತ್ತು. ಅಂಚೆ ಇಲಾಖೆ 2011ರಲ್ಲಿ ತಂದ ಮೈ ಸ್ಟ್ಯಾಂಪಿನಲ್ಲಿ 12 ಚೀಟಿಯ ಹಾಳೆಗೆ 300 ರೂಪಾಯಿ ಕೊಟ್ಟು ನಮ್ಮ ಮುಖ ಹಾಕಿಸಿಕೊಳ್ಳಬಹುದಿತ್ತು. ಆದರೆ ಅಂಚೆಗೆ ಹಾಕುವ ಭಾರವೇ ಇದಲ್ಲವಾದ್ದರಿಂದ ಪರವೂರಿಗೆಲ್ಲ ಕೊರಿಯರು, ಉಳಿದವರಿಗೆ ವಾಟ್ಸ್ಆ್ಯಪಿನಲ್ಲಿ ಒಂದು ಪಿಡಿಎಫ್, ಜೊತೆಗೆ ಇದನ್ನೇ ಖುದ್ದು ಬಂದು ಕರೆದೆವೆಂದು ಭಾವಿಸಿ ಎಂಬ ಒಂದು ಸಾಲು. ಪಿಡಿಎಫ್ ತೆರೆಯುವಷ್ಟು ಕಣ್ಣು, ತಾಳ್ಮೆ ಆ ಇಬ್ಬರು ಹಿರಿಯರಿಗೆ ಇರಲಿಲ್ಲವೆಂಬುದು ನಮ್ಮ ಪುಣ್ಯ.

ಧಾರೆಯ ದಿನ ಅಕ್ಕ ನನಗೆ ಒಂದೇ ಕೆಲಸ ಕೊಟ್ಟಳು. “ನೀನು ಅವರಿಬ್ಬರ ಮಧ್ಯೆ ಕೂತ್ಕೋ, ಏಳಬೇಡ.” ಸೋದರಮಾವನಾಗಿ ಹುಡುಗಿಯನ್ನು ಮಂಟಪಕ್ಕೆ ಕರೆತಂದು ಬಿಟ್ಟವನೇ ಓಡಿ ಬಂದು ಕೂತೆ. ಅಕ್ಷತೆಯಾಯಿತು. ಇಬ್ಬರೂ ಪ್ರಸನ್ನರಾಗಿದ್ದರು. ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುತ್ತಿದ್ದರು, ಪಾಪ, ಸೋತವರ ಮೇಲೆ ಕನಿಕರ ತೋರಿಸುವ ನಗೆ. ಪಂಕ್ತಿಯಲ್ಲೂ ನಾನೇ ನಡುವೆ. ಕೋಸಂಬರಿ ಬಂತು, ಪಲ್ಯ ಬಂತು, ಬೂದುಗುಂಬಳದ ಮಜ್ಜಿಗೆಹುಳಿ ಬಂತು. ಮಾತು ಮಳೆ, ಪಿಂಚಣಿ, ಮೊಣಕಾಲು ದಾಟಿ ಸುರಕ್ಷಿತವಾಗಿ ಹೋಗುತ್ತಿತ್ತು.

“ನಾಳೆ ಬೀಗರ ಔತಣ ಎಲ್ಲಿ, ಇದೇ ಛತ್ರದಲ್ಲೋ?” ಎಂದು ನರಸೀಪುರದವರು ನನ್ನ ತಲೆಯ ಮೇಲಿಂದ ಕೇಳಿದರು.

“ಇರು, ನೋಡಿ ಹೇಳ್ತೀನಿ” ಎಂದು ಒಂಟಿಕೊಪ್ಪಲಿನವರು ಎಡಗೈಯನ್ನು ಜುಬ್ಬದ ಜೇಬಿಗೆ ಹಾಕಿದರು. ದುಂಡು ಎಲೆ ಜೇಬಿಗೆ ಎಷ್ಟು ಲಾಯಕ್ಕೆಂದು ಆಗ ತಿಳಿಯಿತು. ಕನ್ನಡಕ ಮನೆಯಲ್ಲಿ ಬಿಟ್ಟುಬಂದಿದ್ದರಿಂದ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಆಮೇಲೆ ನನ್ನ ಎದೆಯ ಮುಂದೆ ಚಾಚಿ, “ನೀನೇ ಓದಪ್ಪ. ಮೊದಲಿಂದ ಓದು, ಗಟ್ಟಿಯಾಗಿ” ಎಂದರು. ನರಸೀಪುರದವರು ತಮ್ಮ ಕನ್ನಡಕ ಹುಡುಕತೊಡಗಿದರು.

“ಏನ್ರೀ ಭಟ್ಟರೇ, ಹೋಳಿಗೆಗೆ ತುಪ್ಪ! ಇಲ್ಲಿ, ಈ ಇಬ್ಬರಿಗೂ!” ಎಂದು ಎದ್ದುನಿಂತು ಕೂಗಿದೆ. ಎಲೆಯ ಮುಂದಿಂದ ಏಳಬಾರದೆಂದು ಗೊತ್ತಿದ್ದೂ.